ಯಂತ್ರದ ಬಾಯಿಗೆ ಚಿಟಿಕೆ ವಿಭೂತಿ

ಓಂಪ್ರಕಾಶರು ನಾಲ್ಕು ಸ್ಕ್ರೂ ಬಿಚ್ಚಿ, ಡಿಸ್ಕ್ ಡ್ರೈವಿನ ಮೇಲಿನ ತಗಡು ಎತ್ತಿ, ಒಳಗೆ ಟಾರ್ಚು ಬಿಟ್ಟು ನೋಡಿದರು. ಆಮೇಲೆ ಕಿರುಬೆರಳನ್ನು ಒಳಗೊಮ್ಮೆ ಆಡಿಸಿ ತೆಗೆದು ರವಿಕಾಂತನ ಮೂಗಿನ ಮುಂದೆ ಹಿಡಿದರು. ಬೆರಳ ತುದಿ ಬೆಳ್ಳಗಾಗಿತ್ತು.

“ಇದೇನ್ರಿ ಇದು? ಸುಣ್ಣ ಏನು?”

“ಗ್ವಾಡಿ ಮಣ್ಣು ಉದುರಿರಬೇಕ್ರಿ,” ಎಂದ ರವಿಕಾಂತ.

ಆ ಗೋದಾಮಿಗೆ ಮಣ್ಣಿನ ಗೋಡೆಯೇ ಇರಲಿಲ್ಲ. ನಾಲ್ಕೂ ಕಡೆ ತಗಡಿನ ಪತ್ರಾ, ಮೇಲೂ ಪತ್ರಾ. ಉದಗೀರದಲ್ಲಿ ಇಪ್ಪತ್ತು ವರ್ಷದಿಂದ ಕಂಪ್ಯೂಟರ್ ರಿಪೇರಿ ಮಾಡಿ ಹೆಸರು ಗಳಿಸಿದ, ನಲವತ್ತೆಂಟರ ಮನುಷ್ಯನಿಗೆ ಇದಕ್ಕಿಂತ ಒಳ್ಳೆಯ ಸುಳ್ಳು ಸಿಗಲಿಲ್ಲ. ಓಂಪ್ರಕಾಶರು ಸುತ್ತಲಿನ ಪತ್ರಾಗಳನ್ನು ಒಮ್ಮೆ ನೋಡಿದರು. ದೊಡ್ಡ ಮನುಷ್ಯರಾದ್ದರಿಂದ ಏನೂ ಅನ್ನದೆ ಹತ್ತಿಗೆ ಸ್ಪಿರಿಟ್ ಹಚ್ಚಿಕೊಂಡರು. ರವಿಕಾಂತ ನೀರು ಕುಡಿದು ಬರುತ್ತೇನೆಂದು ಹೊರಗೆ ಹೋಗಿ, ನೀರು ಕುಡಿಯದೆ ಬೇವಿನ ಗಿಡದ ಬುಡದಲ್ಲಿ ಕುಕ್ಕರಗಾಲಲ್ಲಿ ಕೂತ. ಅದು ವಿಭೂತಿ ಎಂದು ಅವನಿಗೆ ಗೊತ್ತಿತ್ತು. ಯಾರು ಹಾಕಿದ್ದು, ಯಾವ ದಿನ, ಎಷ್ಟು ಚಿಟಿಕೆ ಎಂಬುದೂ ಗೊತ್ತಿತ್ತು.

ಆ ಯಂತ್ರ ಅವನ ಅಪ್ಪ ವಿಶ್ವನಾಥಪ್ಪನದು. ಎಂಬತ್ಮೂರರಲ್ಲಿ ಉಮರಗಾದ ಧಾನ್ಯದ ಅಡತ ಅಂಗಡಿಗೆಂದು ತರಿಸಿದ್ದು. ಊರಿನಲ್ಲಿ ಟೀವಿ ಇದ್ದವರನ್ನು ಬೆರಳಲ್ಲಿ ಎಣಿಸಬಹುದಾದ ಕಾಲ ಅದು. ಜನ ತೊಗರಿ ಚೀಲ ಇಳಿಸಿ, ಕೈ ತೊಳೆದುಕೊಂಡು, ಅದನ್ನು ನೋಡಲು ಒಳಗೆ ಬರುತ್ತಿದ್ದರು. ಮೇಜಿನಷ್ಟು ಅಗಲದ ಕಬ್ಬಿಣದ ಮೈ, ಹಸಿರು ಅಕ್ಷರದ ಪರದೆ, ಪಕ್ಕದಲ್ಲಿ ಒಂದರ ಮೇಲೊಂದು ಎರಡು ಸೀಳುಬಾಯಿ. ಆ ಬಾಯಿಗಳಿಗೆ ಊಟದ ತಟ್ಟೆಯಷ್ಟು ದೊಡ್ಡ, ಕರಿಯ, ಮೆತ್ತನೆಯ ಡಿಸ್ಕು ಕೊಡಬೇಕು. ವಿಶ್ವನಾಥಪ್ಪ ಪ್ರತಿ ಅಮಾವಾಸ್ಯೆಗೆ ಅದರ ಹಣೆಗೆ ವಿಭೂತಿ ಕುಂಕುಮ ಹಚ್ಚಿ, ಊದುಬತ್ತಿ ಬೆಳಗಿ, ಕಾಯಿ ಒಡೆಯುತ್ತಿದ್ದ. ಅಂಗಡಿ ಉದಗೀರಕ್ಕೆ ಬಂದಾಗ ಕೆಟ್ಟುಹೋದ ಯಂತ್ರವೂ ಜೊತೆಗೆ ಬಂತು. ಎಸೆಯಲು ಮುದುಕನಿಗೆ ಮನಸ್ಸು ಬರಲಿಲ್ಲ. ಹೋದ ವರ್ಷ ಆತ ಲಿಂಗೈಕ್ಯನಾದ. ಗೋದಾಮು ಖಾಲಿ ಮಾಡುವಾಗ ಗೋಣಿಚೀಲಗಳ ಅಡಿಯಿಂದ ಯಂತ್ರ ಹೊರಬಿತ್ತು, ಗುಜರಿಯ ಭಂಗಾರ್‌ವಾಲಾ ತಕ್ಕಡಿ ಹಿಡಿದು ಬಂದು ನಿಂತ.

ರವಿಕಾಂತ ಆಗಲೇ ತೂಕಕ್ಕೆ ಹಾಕಿಬಿಟ್ಟಿದ್ದರೆ ಮುಂದಿನದೇನೂ ಆಗುತ್ತಿರಲಿಲ್ಲ. ಹಾಕಲಿಲ್ಲ. ನಾಲ್ಕು ಫೋಟೋ ತೆಗೆದು, ಹಳೆಯ ಕಂಪ್ಯೂಟರುಗಳ ಹುಚ್ಚು ಹತ್ತಿಸಿಕೊಂಡವರ ವಾಟ್ಸಾಪ್ ಗುಂಪಿಗೆ ಹಾಕಿದ. ಯಾಕೆ ಹಾಕಿದೆ ಎಂದು ಕೇಳಿದರೆ ಅವನಿಂದ ಉತ್ತರ ಬರುತ್ತಿರಲಿಲ್ಲ. ಸಿಕ್ಕಿಬೀಳಲಿ ಎಂದು ಮನಸ್ಸಿನ ಒಂದು ಮೂಲೆ ಕಾಯುತ್ತಿತ್ತೋ ಏನೋ.

ಫೋಟೋ ನೋಡಿ ಮರುದಿನವೇ ರೈಲು ಹತ್ತಿ ಬಂದವರು ಓಂಪ್ರಕಾಶರು. ಭಾಲ್ಕಿಯ ಕಡೆಯವರು, ಪುಣೆಯಲ್ಲಿ ಇಂಜಿನಿಯರಾಗಿದ್ದು ನಿವೃತ್ತರಾಗಿ, ಹಳೆಯ ಕಂಪ್ಯೂಟರುಗಳದೊಂದು ಸಂಗ್ರಹಾಲಯ ಕಟ್ಟುತ್ತಿದ್ದರು. ಬಂದವರೇ ಯಂತ್ರದ ಹೆಸರು ಹುಡುಕಿದರು. ಹೆಸರಿನ ಪಟ್ಟಿ ಇರಬೇಕಾದ ಜಾಗದಲ್ಲಿ ಹತ್ತು ವರ್ಷದ ಪೂಜೆ ಬೆರಳು ದಪ್ಪ ಕೂತಿತ್ತು. ಮೇಲೆ ಕುಂಕುಮ, ಅದರಡಿ ವಿಭೂತಿ, ಅದರಡಿ ಮತ್ತೆ ಕುಂಕುಮ, ಎಣ್ಣೆಯ ಜಿಡ್ಡು. ಮುದುಕರು ಒಂದು ತಾಸು ಕೂತು ಸ್ಪಿರಿಟ್ಟಿನಲ್ಲಿ ಉಜ್ಜಿದರು. ‘ಲೇಖಾ ೮೦’ ಎಂಬ ಅಕ್ಷರ ಮೂಡಿದಾಗ ಕನ್ನಡಕ ತೆಗೆದು ಕಣ್ಣೊರೆಸಿಕೊಂಡರು.

“ವ್ಯಾಪಾರಸ್ತರ ಸಲುವಾಗಿ ಅರವತ್ತೆಂಟು ಮಾಡಿದ್ದೆವ್ರಿ, ಅಷ್ಟರಾಗ ಕಂಪನಿ ಮುಣಗ್ತು. ನನ್ನ ಮೊದಲ ನೌಕರಿ ಅದು. ಒಂದೂ ಉಳಿದಿಲ್ಲ ಅಂತ ತಿಳ್ಕೊಂಡಿದ್ದೆ. ಇದರ ಬೋರ್ಡಿಗಿ ಬೆಸುಗಿ ಹಾಕಿದವರದಾಗ ನಾನೂ ಒಬ್ಬ.”

ಅಲ್ಲಿಂದ ಯಂತ್ರದ ಬಾಣಂತನ ಶುರುವಾಯಿತು. ಒಳಗೆ ಇಲಿಗಳು ತೊಗರಿ ಹೊಟ್ಟು ಹಾಸಿಕೊಂಡು ಸಂಸಾರ ಹೂಡಿದ್ದವು, ಅವುಗಳನ್ನು ಎಬ್ಬಿಸಿದ್ದಾಯಿತು. ಉಬ್ಬಿದ ಕೆಪಾಸಿಟರುಗಳನ್ನು ಕಿತ್ತು ಹೊಸವನ್ನು ಹಾಕಿದರು. ಚಿಪ್‌ಗಳನ್ನು ಒಂದೊಂದಾಗಿ ಎಬ್ಬಿಸಿ, ಕಾಲಿನ ಕಿಲುಬು ಒರೆಸಿ, ಮತ್ತೆ ಕೂರಿಸಿದರು. ಡ್ರೈವ್ ತಿರುಗಿಸುವ ರಬ್ಬರ್ ಪಟ್ಟಿ ಕರಗಿ ಡಾಂಬರಾಗಿತ್ತು. ಹೊಲಿಗೆ ಯಂತ್ರದ ಅಂಗಡಿಗಳನ್ನೆಲ್ಲ ತಿರುಗಿ ಅಳತೆಗೆ ಒಗ್ಗುವ ಪಟ್ಟಿ ತಂದರು. ಕರೆಂಟನ್ನು ಒಮ್ಮೆಲೇ ಕೊಡದೆ, ಲಂಘನ ಮಾಡಿದವರಿಗೆ ಗಂಜಿ ಕೊಟ್ಟ ಹಾಗೆ ಇಷ್ಟಿಷ್ಟೇ ಏರಿಸಿದರು. ರವಿಕಾಂತ ಎರಡು ದಿನ ಖುಷಿಯಿಂದಲೇ ಕೈಜೋಡಿಸಿದ. ಮೂರನೆಯ ದಿನ ಡ್ರೈವ್ ಬಿಚ್ಚಿದರು, ಆ ಬಿಳಿಯ ಬೆರಳು ಹೊರಬಂತು.

ತೊಂಬತ್ಮೂರರ ಸೆಪ್ಟೆಂಬರ್ ಮೂವತ್ತರ ನಸುಕಿನಲ್ಲಿ ಏನಾಯಿತೆಂದು ಈ ಕಡೆಯವರಿಗೆ ಯಾರೂ ಹೇಳಬೇಕಾಗಿಲ್ಲ. ಭೂಕಂಪಕ್ಕೆ ಲೋಹಾರಾ ಕಡೆಯ ಹಳ್ಳಿಗಳಲ್ಲಿ ಕಲ್ಲುಮಣ್ಣಿನ ಮನೆಗಳು ಮಲಗಿದವರ ಮೇಲೆಯೇ ಕುಸಿದವು. ಜೀವವಿದ್ದವರನ್ನು ಸಿಕ್ಕ ಲಾರಿ, ಟ್ರ್ಯಾಕ್ಟರುಗಳಲ್ಲಿ ಹಾಕಿ, ದಾರಿ ಸಿಕ್ಕ ಊರಿಗೆ ಒಯ್ದರು. ಕೆಲವರು ಉಮರಗಾಕ್ಕೆ, ಕೆಲವರು ನಿಲಂಗಾಕ್ಕೆ, ಕೆಲವರು ದೂರದ ಸೋಲಾಪುರಕ್ಕೆ. ಗಂಡ ಒಂದು ಊರಿನಲ್ಲಿ, ಹೆಂಡತಿ ಇನ್ನೊಂದರಲ್ಲಿ. ಹುಡುಕುವವರು ಬಸ್ ಸ್ಟ್ಯಾಂಡಿನಲ್ಲಿ ನಿಂತು ಕಂಡಕಂಡವರನ್ನು ಕೇಳುತ್ತಿದ್ದರು.

ಆಗ ಉಮರಗಾದ ವ್ಯಾಪಾರಸ್ಥರು ಸೇರಿ ಗಾಯಾಳುಗಳ ಯಾದಿ ಮಾಡಲು ನಿಂತರು. ಯಂತ್ರ ಇದ್ದದ್ದು ವಿಶ್ವನಾಥಪ್ಪನ ಅಂಗಡಿಯಲ್ಲಿ ಮಾತ್ರ. ಅದನ್ನು ಆಡಿಸಲು ಬರುತ್ತಿದ್ದದ್ದು ಶುಭಾಂಗಿಗೆ ಮಾತ್ರ. ಗುಂಜೋಟಿಯ ಹೊಲಮನೆಯ ಹುಡುಗಿ, ಇಪ್ಪತ್ತೊಂದು ವಯಸ್ಸು, ಟೈಪಿಂಗ್ ಕಲಿತು ಅಂಗಡಿಗೆ ಬಂದು ಎರಡು ವರ್ಷವಾಗಿತ್ತು. ಊರೂರಿನ ದವಾಖಾನೆಗಳಿಂದ ಬಂದ ಚೀಟಿಗಳನ್ನು ಆಕೆ ಸಂಜೆಯೊಳಗೆ ಯಂತ್ರಕ್ಕೆ ತುಂಬಿಸುತ್ತಿದ್ದಳು. ಮರುದಿನ ಮುಂಜಾನೆ ಹಳ್ಳಿಯ ಹೆಸರಿನ ಪ್ರಕಾರ ಹೊಂದಿಸಿದ ಯಾದಿ ಅಚ್ಚಾಗಿ ಬಸ್ ಸ್ಟ್ಯಾಂಡಿನ ಗೋಡೆಗೆ ಹತ್ತುತ್ತಿತ್ತು. ನಾಲ್ಕು ದಿನ ಹೀಗೆ ನಡೆಯಿತು, ನೂರಾರು ಜನ ತಮ್ಮವರನ್ನು ಸೇರಿಕೊಂಡರು.

ಐದನೆಯ ದಿನ ಬೆಳಕು ಹರಿಯುವಾಗ ನೆಲ ಮತ್ತೆ ಅಲುಗಿತು. ರವಿಕಾಂತನಿಗೆ ಇಪ್ಪತ್ಮೂರು ವಯಸ್ಸು, ಹೆದರಿದ. ಸ್ನಾನ ಮಾಡಿ, ಲಿಂಗಪೂಜೆ ಮುಗಿಸಿ, ಎಲ್ಲರಿಗಿಂತ ಮೊದಲು ಅಂಗಡಿಯ ಬೀಗ ತೆಗೆದು ಯಂತ್ರದ ಮುಂದೆ ನಿಂತ. ಇದು ನಿಂತರೆ ಗತಿಯೇನು ಎಂಬ ಅಂಜಿಕೆ ಅವನಿಗೆ. ಅವರ ಮನೆಗಳಲ್ಲಿ ಕೂಸು ಹೆದರಿದರೆ ಹಣೆಗೆ ವಿಭೂತಿ ಹಚ್ಚಿ, ಒಳಗಿನ ಅಂಜಿಕೆಯೂ ಹೋಗಲೆಂದು ಬಾಯಿಗೆ ಒಂದು ಚಿಟಿಕೆ ಹಾಕುತ್ತಾರೆ. ಅವನು ಯಂತ್ರದ ಹಣೆಗೆ ಮೂರು ಬೆರಳು ಎಳೆದ. ಆಮೇಲೆ ಎರಡೂ ಬಾಯಿಗಳಿಗೆ ಒಂದೊಂದು ಚಿಟಿಕೆ ಹಾಕಿ, ಒಳಗೆ ಹೋಗಲೆಂದು ಊದಿದ. ಮಾಡಿದ್ದು ಇಷ್ಟೇ, ಅದೂ ಭಕ್ತಿಯಿಂದ.

ಶುಭಾಂಗಿ ಬಂದು ಯಾದಿಯ ಡಿಸ್ಕು ಹಾಕಿದಳು. ಒಳಗೆ ಕರಕರ ಕೆರೆದ ಸದ್ದಾಯಿತು. ಗಾಬರಿಯಾಗಿ, ಜೋಪಾನಕ್ಕೆಂದು ಇಟ್ಟ ಇನ್ನೊಂದು ಪ್ರತಿಯನ್ನು ಎರಡನೆಯ ಬಾಯಿಗೆ ಕೊಟ್ಟಳು. ಅದೂ ಕೆರೆದು ಹೋಯಿತು. ವಿಶ್ವನಾಥಪ್ಪ ಎಲ್ಲರೆದುರು ಕೂಗಾಡಿದ. “ಏನ್ ಒತ್ತಿದಿ? ಖರೇ ಹೇಳು, ಏನ್ ಒತ್ತಿದಿ?” ಮುಂಜಾನೆ ಆಕೆ “ಏನೂ ಒತ್ತಿಲ್ರಿ ಮಾಲಕ್ರ” ಎಂದು ಅಳುತ್ತಿದ್ದಳು. ಮಧ್ಯಾಹ್ನದ ಹೊತ್ತಿಗೆ, ಅಷ್ಟು ಜನ ಅಷ್ಟು ಸಲ ಕೇಳಿದ ಮೇಲೆ, “ಏನರ ಒತ್ತೀನೋ ಏನೋ” ಅಂದಳು.

ರವಿಕಾಂತ ಬಾಗಿಲಲ್ಲಿ ನಿಂತು ಕೇಳುತ್ತಿದ್ದ. ತನ್ನ ಚಿಟಿಕೆಯಿಂದ ಆಗಿರಬಹುದೆಂಬ ಅನುಮಾನ ಅವನಿಗೆ ಅವತ್ತೇ ಬಂದಿತ್ತು. ಆದರೆ ವಿಭೂತಿಯಿಂದ ಕೇಡಾಯಿತೆಂದು ಅಂಥ ಅಪ್ಪನ ಮುಂದೆ ಹೇಗೆ ಬಾಯಿಬಿಡುವುದು? ವಿಭೂತಿ ಎಲ್ಲಾದರೂ ಕೇಡು ಮಾಡುತ್ತದೆಯೇ? ಹೀಗೆ ದೇವರ ಮರ್ಯಾದೆ ಕಾಯುವ ನೆಪದಲ್ಲಿ ಹೇಡಿ ತನ್ನ ಮರ್ಯಾದೆ ಕಾದುಕೊಂಡ.

ಆರುನೂರು ಚೀಟಿ ಕೈಯಲ್ಲಿ ಬರೆದು ಹೊಂದಿಸಲು ಎರಡು ದಿನ ಹಿಡಿಯಿತು. ಎಲ್ಲರೂ ಬರೆದರು, ರವಿಕಾಂತನೂ ಬರೆದ. ಎರಡನೆಯ ದಿನ ಅವನ ಕೈಗೆ ಬಂದ ಚೀಟಿಗಳಲ್ಲಿ ಒಂದು, ಗುರಣ್ಣ ಎಂಬ ಒಂಬತ್ತು ವರ್ಷದ ಹುಡುಗನದು. ಎರಡೂ ಕಾಲಿಗೆ ಪೆಟ್ಟು, ನಿಲಂಗಾದ ಒಂದು ಶಾಲೆಯಲ್ಲಿ ತೆರೆದ ದವಾಖಾನೆ, ಮನೆಯವರಲ್ಲಿ ಉಳಿದವಳು ಅಜ್ಜಿ ಮಲಕಮ್ಮ ಒಬ್ಬಳೇ. ಆ ಮಲಕಮ್ಮ ಹಿಂದಿನ ದಿನ ಮುಂಜಾನೆ ಆ ದಿನದ ಹೊಸ ಯಾದಿಯಿಲ್ಲದ ಗೋಡೆಯ ಮುಂದೆ ನಿಂತು ನಿಂತು, ಯಾರೋ ಹೇಳಿದರೆಂದು ಸೋಲಾಪುರದ ಬಸ್ಸು ಹತ್ತಿದ್ದಳು. ಅಲ್ಲೆಲ್ಲ ಹುಡುಕಿ, ತಿರುಗಿ ಬಂದು, ನಿಲಂಗಾ ಮುಟ್ಟುವ ಹೊತ್ತಿಗೆ ಮೊಮ್ಮಗ ಹೋಗಿ ಒಂದು ದಿನವಾಗಿತ್ತು. ಕೊನೆಯವರೆಗೂ ಎಚ್ಚರವಿತ್ತಂತೆ, ‘ಆಯಿ ಎಲ್ಲಿ’ ಎಂದು ಅಜ್ಜಿಯನ್ನೇ ಕೇಳುತ್ತಿದ್ದನಂತೆ.

ಶುಭಾಂಗಿಯನ್ನು ಕೆಲಸ ಬಿಡಿಸಿ ಮನೆಗೆ ಕಳಿಸಿದರು. ತೊಂಬತ್ತೈದರಲ್ಲಿ ರವಿಕಾಂತ ಸೋಲಾಪುರಕ್ಕೆ ಕಂಪ್ಯೂಟರ್ ರಿಪೇರಿ ಕಲಿಯಲು ಹೋದ. ಮೊದಲ ವಾರದಲ್ಲೇ ಮಾಸ್ತರರು ಫ್ಲಾಪಿಯೊಂದನ್ನು ಬಿಚ್ಚಿ ತೋರಿಸಿ, ಇದರ ಹತ್ತಿರ ಸಿಗರೇಟು ಸೇದಬೇಡಿ, ಬೂದಿಯ ಕಣ ಬಿದ್ದರೂ ಡಿಸ್ಕು ಕೆರೆದು ಹೋಗುತ್ತದೆ ಅಂದರು. ಉಳಿದ ಹುಡುಗರು ನಕ್ಕರು. ರವಿಕಾಂತನಿಗೆ ತನ್ನ ಎರಡು ಚಿಟಿಕೆ ನೆನಪಾಯಿತು. ಅವತ್ತೇ ಬಸ್ಸು ಹಿಡಿದು ಗುಂಜೋಟಿಗೆ ಹೋಗಬಹುದಿತ್ತು, ಹೋಗಲಿಲ್ಲ. ಮುಂದಿನ ವಾರ ಎಂದುಕೊಂಡ, ಮುಂದಿನ ವರ್ಷ ಎಂದುಕೊಂಡ. ಉಮರಗಾಕ್ಕೆ ಹೋಗುವ ದಾರಿಯಲ್ಲಿ ನಿಲಂಗಾದ ಆ ಶಾಲೆ ಬಂದರೆ ಈಗಲೂ ಮೊಬೈಲು ನೋಡುತ್ತಾನೆ. ಮೊಬೈಲು ಇಲ್ಲದ ಕಾಲದಲ್ಲಿ ನಿದ್ದೆ ಬಂದವನ ಹಾಗೆ ಕಣ್ಣು ಮುಚ್ಚುತ್ತಿದ್ದ.

ರಿಪೇರಿಯ ಒಂಬತ್ತನೆಯ ದಿನ ಯಂತ್ರದ ಪರದೆಯಲ್ಲಿ ಹಸಿರು ಬೆಳಕು ಬಂತು. ಡಬ್ಬಿಯಲ್ಲಿ ಉಳಿದಿದ್ದ ಡಿಸ್ಕುಗಳಲ್ಲಿ ಒಂದನ್ನು ಯಂತ್ರ ಗುರುಗುಟ್ಟಿ ಓದಿತು. ಓಂಪ್ರಕಾಶರು ಚಿಕ್ಕ ಹುಡುಗನ ಹಾಗೆ ಚಪ್ಪಾಳೆ ತಟ್ಟಿದರು. ಆದರೆ ಯಂತ್ರ ಅಲ್ಲಿಗೇ ನಿಂತು, ಗುಪ್ತಪದ ಕೇಳಿತು.

“ಯಾರ್ರಿ ಆಡಿಸ್ತಿದ್ರು ಇದನ್ನ? ಅವರು ಅದಾರೇನು?”

ಇದ್ದಳು. ಮರುದಿನ ರವಿಕಾಂತ ಗುಂಜೋಟಿಗೆ ಹೊರಟ. ಗುಪ್ತಪದ ಒಂದು ನೆಪವಾಯಿತು, ಇವತ್ತು ಎಲ್ಲ ಹೇಳಿಯೇ ಬಿಡುವುದೆಂದು ದಾರಿಯುದ್ದಕ್ಕೂ ಮಾತು ಜೋಡಿಸಿಕೊಂಡ. ನಿಲಂಗಾದಲ್ಲಿ ಮಾತ್ರ ಮೊಬೈಲು ನೋಡಿದ.

ಶುಭಾಂಗಿ ಅಂಗಳದಲ್ಲಿ ರೊಟ್ಟಿ ಬಡಿಯುತ್ತಿದ್ದಳು. ಕೂದಲು ನೆರೆತಿತ್ತು. ಗುರುತು ಹಿಡಿಯಲು ಒಂದು ಗಳಿಗೆಯೂ ಬೇಕಾಗಲಿಲ್ಲ.

“ಬರ್ರಿ ಸಣ್ಣ ಮಾಲಕ್ರ. ಅಪ್ಪಾರ ಸುದ್ದಿ ಕೇಳಿದ್ದೆ. ಕೂಡ್ರಿ, ಬಿಸಿ ರೊಟ್ಟಿ ಅದ.”

ಬೇಡವೆನ್ನುವ ಮೊದಲೇ ತಟ್ಟೆ ಬಂತು. ರೊಟ್ಟಿ, ಪುಂಡಿಪಲ್ಯ, ಶೇಂಗಾ ಹಿಂಡಿ. ಅವನು ತುತ್ತು ಮುರಿದ. ಯಂತ್ರ ಸಿಕ್ಕಿದ್ದು, ಪುಣೆಯಿಂದ ಮುದುಕರು ಬಂದದ್ದು, ಆಕೆಯೇ ಬಂದು ಗುಪ್ತಪದ ಹೊಡೆಯಬೇಕಾದದ್ದು ಎಲ್ಲ ಹೇಳಿದ. ಹೇಳಬೇಕಾದದ್ದನ್ನು ಬಿಟ್ಟು ಎಲ್ಲವನ್ನೂ ಹೇಳಿದ.

“ನಾ ಒಲ್ಲೆರಿ,” ಎಂದಳು ಆಕೆ. “ಮಶೀನಿಗಿ ನನ್ನ ಕೈ ಆಗಂಗಿಲ್ಲ. ಮಿಕ್ಸರ್ ಮಗಳು ಹಚ್ತಾಳ. ಮೊಬಾಯ್ಲ್ ಮಗ ಹಚ್ಚಿ ಕಿವಿಗಿ ಹಿಡೀತಾನ. ಅವತ್ತಿನಿಂದ ನಾ ಯಾವುದಕ್ಕೂ ಕೈ ಹಚ್ಚಿಲ್ಲ.”

“ಅದೇನೋ ಆಗೋಗ್ಯದ, ಬಿಡ್ರಿ.”

“ಹ್ಯಾಂಗ ಬಿಡ್ಲಿರಿ? ಆ ಮಲಕಮ್ಮ ಗೊತ್ತಲ್ಲ ನಿಮಗ? ಗುರಣ್ಣನ ಆಯಿ. ನಾನೇ ಹೋಗಿ ಹೇಳಿದ್ದೆ, ನನ್ನ ಕೈಲೇ ಯಾದಿ ಹಾಳಾಯ್ತವ್ವಾ ಅಂತ. ವರ್ಷಾ ಹುಡುಗನ ದಿನಕ್ಕ ಹೋಗ್ತೀನಿ. ಆಕಿ ತಲಿಗಿ ಎಣ್ಣಿ ಹಚ್ಚಿ, ಎರದು, ಹೋಳಗಿ ಮಾಡಿ ಉಣಿಸಿ ಬರ್ತೀನಿ. ಮಗಳಂಗ ನೋಡ್ತಾಳ ಈಗ.”

ರವಿಕಾಂತ ಕೈಯಲ್ಲಿದ್ದ ತುತ್ತನ್ನು ತಟ್ಟೆಗೇ ಇಟ್ಟ. ಈಗ ಹೇಳು, ಈಗ ಹೇಳು ಎಂದು ಮನಸ್ಸು ಹೇಳುತ್ತಿತ್ತು. ಆಕೆ ನೀರಿನ ಚೆಂಬು ಮುಂದಿಟ್ಟಳು. ಅವನು ನೀರು ಕುಡಿದು, “ಯಂತ್ರ ಮತ್ತ ಚಾಲು ಆಗ್ಯದರಿ, ಶುಭಾಂಗಿಬಾಯಿ. ಒಮ್ಮಿ ಬಂದು ನೋಡ್ರಿ,” ಎಂದಷ್ಟೇ ಅಂದ. ಅವಳ ಅನ್ನ ಉಂಡು, ಅವಳ ಮುಂದೆ ಕೂತು, ಮತ್ತೊಮ್ಮೆ ಬಾಯಿ ಮುಚ್ಚಿಕೊಂಡ. ತನ್ನ ಮೇಲೆ ತನಗೇ ಹೇಸಿಗೆಯಾಯಿತು.

ಆಕೆ ಹಂಚಿನ ಮೇಲಿನ ರೊಟ್ಟಿ ಹೊತ್ತುವವರೆಗೂ ಯೋಚಿಸಿದಳು. “ನಾ ಕೊಂದಿದ್ದು ಬದುಕ್ಯದ ಅಂದ್ರ, ನೋಡ್ಬೇಕು ಅನಸ್ತದರಿ,” ಎಂದಳು.

ಎರಡು ದಿನ ಬಿಟ್ಟು ಮುಂಜಾನೆಯ ಬಸ್ಸಿಗೆ ಉದಗೀರಕ್ಕೆ ಬಂದಳು, ಇಳಕಲ್ ಸೀರೆ ಉಟ್ಟು. ಗೋದಾಮಿನ ಬಾಗಿಲಲ್ಲಿ ಚಪ್ಪಲಿ ಬಿಟ್ಟು, ಯಂತ್ರದ ಹತ್ತಿರ ಹೋಗದೆ ನಿಂತಳು. ಓಂಪ್ರಕಾಶರು ಕುರ್ಚಿ ಎಳೆದು, “ಕೂಡ್ರಿ ಬಾಯಾರ, ಕಚ್ಚಂಗಿಲ್ಲ,” ಎಂದು ನಕ್ಕರು. ಆಕೆ ಸೆರಗಿಗೆ ಎರಡೂ ಕೈ ಒರೆಸಿಕೊಂಡು, ಒರೆಸಿಕೊಂಡು, ಕೊನೆಗೆ ಕೀಲಿಗಳ ಮೇಲೆ ಬೆರಳಿಟ್ಟಳು. ಬೆರಳು ತಾವೇ ಓಡಿದವು. ಗುಪ್ತಪದ ಏನೆಂದು ಪರದೆಯಲ್ಲಿ ಕಾಣಲಿಲ್ಲ, ಆದರೆ ಯಂತ್ರ ಒಪ್ಪಿಕೊಂಡಿತು. ಸಾಲುಸಾಲಾಗಿ ಹಸಿರು ಅಕ್ಷರ ಬಂದವು. ಶುಭಾಂಗಿ ಸೆರಗು ಬಾಯಿಗಿಟ್ಟುಕೊಂಡು ನಕ್ಕಳು. ಇಪ್ಪತ್ತೈದು ವರ್ಷದ ಹಿಂದಿನ ಹುಡುಗಿ ಆ ನಗೆಯಲ್ಲಿ ಇಣುಕಿ ಹೋದಳು, ಅದನ್ನು ರವಿಕಾಂತ ನೋಡಿದ.

ಓಂಪ್ರಕಾಶರು ದಾಖಲೆಯ ಕಾಗದ ತೆಗೆದರು. ಯಂತ್ರ ಯಾರದು, ಯಾವಾಗ ತಂದದ್ದು, ಯಾರು ನಡೆಸಿದರು, ಎಲ್ಲ ಬರೆದುಕೊಂಡರು.

“ಕೆಟ್ಟದ್ದು ಹ್ಯಾಂಗ ಅಂತನೂ ಬರೀಬೇಕ್ರಿ, ಬಾಯಾರ. ಡ್ರೈವಿನಾಗ ಬಿಳಿ ಪುಡಿ ಸಿಕ್ತು. ಅದೇ ಡಿಸ್ಕ್ ಕೆರದು ಹಾಕ್ಯದ. ನಿಮಗೇನರ ನೆನಪದ?”

“ಬಿಳಿ ಪುಡಿ?” ಶುಭಾಂಗಿ ತನ್ನ ಎರಡೂ ಅಂಗೈ ತಿರುವಿ ನೋಡಿಕೊಂಡಳು. ಆಮೇಲೆ ಅವಳ ಮುಖ ಸಣ್ಣದಾಯಿತು. “ಹಿಟ್ಟು ಇರಬೇಕ್ರಿ. ದಿನಾ ರೊಟ್ಟಿ ಬಡದು, ಬುತ್ತಿ ಕಟಗೊಂಡು ಬರ್ತಿದ್ದೆ. ಅವತ್ತ ಗಡಿಬಿಡಿ ಒಳಗ ಕೈ ಛಂದಂಗ ತೊಳ್ಕೊಂಡಿಲ್ಲ, ಕಾಣಸ್ತದ. ಇಷ್ಟು ವರ್ಷ ಏನ್ ಒತ್ತಿದೆ, ಏನ್ ಒತ್ತಿದೆ ಅಂತ ಹುಡುಕಿದೆ. ಇದು ಹೊಳೀಲೇ ಇಲ್ಲ ನೋಡ್ರಿ. ಬರೀರಿ, ಶುಭಾಂಗಿ ಕೈಲೇ ಆಯ್ತು ಅಂತ ಬರೀರಿ.”

ಓಂಪ್ರಕಾಶರು ಪೆನ್ನಿನ ಟೋಪಿ ತೆಗೆದರು.

“ಹಿಟ್ಟಲ್ರಿ ಅದು,” ಎಂದ ರವಿಕಾಂತ. “ಈಬತ್ತಿ. ನಾ ಹಾಕಿದ್ದು.”

ಒಮ್ಮೆ ಬಾಯಿ ಬಿಟ್ಟ ಮೇಲೆ ನಿಲ್ಲಲಿಲ್ಲ. ನೆಲ ಅಲುಗಿದ್ದು, ಬೀಗ ತೆಗೆದದ್ದು, ಎರಡು ಚಿಟಿಕೆ, ಊದಿದ್ದು, ಬಾಗಿಲಲ್ಲಿ ನಿಂತು ಕೇಳಿದ್ದು. ಓಂಪ್ರಕಾಶರು ಕಾಗದ ಮಡಚಿ, ಸದ್ದಾಗದಂತೆ ಎದ್ದು ಹೊರಗೆ ಹೋದರು.

ಶುಭಾಂಗಿ ಕೂಗಲಿಲ್ಲ, ಅಳಲಿಲ್ಲ. “ಯಾವಾಗ ತಿಳೀತ್ರಿ ನಿಮಗ?” ಎಂದು ಕೇಳಿದಳು.

“ಮೊನ್ನಿ, ಡ್ರೈವ್ ಬಿಚ್ಚಿದಾಗ…” ಎಂದು ಶುರುಮಾಡಿದ. ಆಕೆ ಸುಮ್ಮನೆ ಅವನನ್ನು ನೋಡುತ್ತಿದ್ದಳು. ಅವನು ತಲೆ ತಗ್ಗಿಸಿದ. “ಸುಳ್ಳರಿ. ತೊಂಬತ್ತೈದರಾಗ ಖಾತ್ರಿ ಆಯ್ತು. ಅನುಮಾನ ಅವತ್ತೇ ಬಂದಿತ್ತು.”

“ತೊಂಬತ್ತೈದರಾಗ ನನ್ನ ಲಗ್ನ ಆಗಿದ್ದಿಲ್ಲ ಇನ್ನಾ,” ಎಂದಳು ಆಕೆ, ತನಗೇ ಹೇಳಿಕೊಂಡ ಹಾಗೆ. “ಎರಡು ಕಡಿ ಬಂದು ನೋಡಿ ಹೋಗಿದ್ರು. ಮಶೀನ್ ಕೆಡಿಸಿದಾಕಿ ಅಂತ ತಿಳದು ಬ್ಯಾಡಂದ್ರು.”

ಇದನ್ನು ಕೇಳಿದ ಮೇಲೂ ರವಿಕಾಂತನ ಎದೆಯ ಮೇಲಿನ ಭಾರ ಇಳಿದದ್ದು ನಿಜ. ಅಷ್ಟು ವರ್ಷದಲ್ಲಿ ಮೊದಲ ಸಲ ಉಸಿರು ಸರಾಗ ಆಡುತ್ತಿತ್ತು. ಹಗುರಾದ ಮನುಷ್ಯನಿಗೆ ಆಸೆ ಹುಟ್ಟಲು ತಡವಾಗುವುದಿಲ್ಲ.

“ಮಲಕಮ್ಮನ ಕಡಿ ನಡೀರಿ, ಶುಭಾಂಗಿಬಾಯಿ. ಇವತ್ತೇ ಗಾಡಿ ತಗೀತೀನಿ. ಆಕಿ ಕಾಲಿಗಿ ಬಿದ್ದು ಎಲ್ಲಾ ಹೇಳ್ತೀನಿ. ಗುನ್ಹಾ ಯಾರದು ಅಂತ ಆಕಿಗಿ ತಿಳೀಲಿ.”

ಶುಭಾಂಗಿ ಯಂತ್ರದ ಬಾಯಿಯಿಂದ ಡಿಸ್ಕು ತೆಗೆದು, ಕಾಗದದ ಚೀಲಕ್ಕೆ ಹಾಕಿ, ಡಬ್ಬಿಯಲ್ಲಿ ಇಟ್ಟಳು.

“ಬ್ಯಾಡ್ರಿ. ಮೊದಲ ಮೂರು ವರ್ಷ ಆಕಿ ನನಗ ಹೊಸ್ತಿಲಾ ದಾಟಗೊಡಲಿಲ್ಲ. ನಾಕನೇ ವರ್ಷ ನೀರ ಕೊಟ್ಟಳು. ನನ್ನ ಹೆಸರ ಹಿಡದು ಕರೀಲಾಕ ಹನ್ನೊಂದು ವರ್ಷ ಹಿಡೀತು. ಈಗ ಎಂಬತ್ತು ದಾಟ್ಯಾಳ, ಕಣ್ಣ ಕಾಣಂಗಿಲ್ಲ. ನೀವು ಹೋಗಿ ಹೇಳಿದ್ರ ಮೊದಲಿಂದ ಶುರು ಮಾಡ್ಬೇಕಾಗ್ತದ ಆಕಿ. ನಿಮಗ ಮಾಫ್ ಮಾಡ್ಲಾಕ ಇನ್ನೊಂದು ಹನ್ನೊಂದು ವರ್ಷ ಆಕಿ ಕಡಿ ಎಲ್ಲಿ ಅವರಿ?”

“ಹಂಗಾದ್ರ ನೀವರ…” ಎಂದ ರವಿಕಾಂತ, ಕೈಮುಗಿದು.

“ನಂದು ಇವತ್ತ ಮೊದಲನೇ ದಿನ ಅದರಿ, ಮಾಲಕ್ರ,” ಎಂದು ಹೇಳಿ ಆಕೆ ಚಪ್ಪಲಿ ಮೆಟ್ಟಿಕೊಂಡು ಬಸ್ ಸ್ಟ್ಯಾಂಡಿನ ಕಡೆಗೆ ನಡೆದಳು.